ಇಳಕಲ್ ಲಂಗೋಟಿ, ಇಂಗ್ಲಂಡಿನ ಗಾಲಿಚಾ

ವಿಲಾಯತಿಗೆ ಹೋಗಿ ಬಂದವರೆಲ್ಲ ಅಲ್ಲಿಯ ಅರಮನೆ, ಸೇತುವೆ, ಗಡಿಯಾರದ ಗೋಪುರಗಳ ಬಗ್ಗೆ ಬರೆದಿದ್ದಾರೆ. ಅವೆಲ್ಲ ತಲೆ ಎತ್ತಿ ನೋಡುವಂಥವು. ನಾನು ಅಲ್ಲಿದ್ದಷ್ಟು ದಿನ ತಲೆ ತಗ್ಗಿಸಿಯೇ ಇದ್ದೆ. ನನಗೆ ಕಂಡ ಇಂಗ್ಲಂಡು ನೆಲದಿಂದ ಒಂದು ಗೇಣು ಎತ್ತರದ್ದು. ಅದರಲ್ಲಿ ಒಂದು ಗಾಲಿಚಾ, ಒಂದು ಬಕೆಟ್ಟು, ಒದ್ದೆ ಚಡ್ಡಿಗಳು ಮತ್ತು ನನ್ನ ತಂಗಿಯ ಮಗನ ಎರಡು ದುಂಡು ಕಾಲುಗಳು ಇದ್ದವು. ಅರಮನೆ ಬೇಕೆನ್ನುವವರು ಬೇರೆ ಪುಸ್ತಕ ನೋಡಬೇಕು.

ಪುಣೆ

ನನ್ನ ತಂಗಿ ನಿರ್ಮಲಾ ಮಕ್ಕಳ ಡಾಕ್ಟರು. ಅವಳ ಗಂಡ ಶ್ರೀಧರನೂ ಡಾಕ್ಟರು. ಇಂಗ್ಲಂಡಿನ ಉತ್ತರದಲ್ಲಿ, ನಕಾಶೆಯ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವಂಥ ಒಂದು ಗಿರಣಿ ಊರಿನಲ್ಲಿ ಅವರ ಸಂಸಾರ. ಮಗ ಆನಂದ ಹುಟ್ಟಿದ ಮೇಲೆ ನಿರ್ಮಲಾ ಕೆಲಸ ಬಿಟ್ಟು ಮನೆಯಲ್ಲಿದ್ದಳು. ಈಗ ಅಲ್ಲಿಯ ಆಸ್ಪತ್ರೆಯಲ್ಲಿ ಮತ್ತೆ ಜಾಗ ಸಿಕ್ಕಿತ್ತು. ಸೆಪ್ಟೆಂಬರಿನಲ್ಲಿ ಹಾಜರಾಗಬೇಕು, ಆಗದಿದ್ದರೆ ಅದು ಬೇರೆಯವರ ಪಾಲು. ಹಗಲು ಹೊತ್ತು ಆನಂದನನ್ನು ಬಿಡಲು ಆ ಊರಿಗೆಲ್ಲ ಒಂದೇ ನರ್ಸರಿ. ಅದರ ನಿಯಮವೂ ಒಂದೇ: ಡೈಪರು ಕಟ್ಟಿದ ಮಗುವಿಗೆ ಒಳಗೆ ಜಾಗವಿಲ್ಲ. ಆನಂದನಿಗೆ ಎರಡೂವರೆ ವರ್ಷವಾಗಿತ್ತು, ಆದರೆ ಆ ನಿಯಮದ ಬಗ್ಗೆ ಅವನಿಗೆ ಯಾವ ಗೌರವವೂ ಇರಲಿಲ್ಲ.

ಪುಣೆಯಲ್ಲಿ ನಾವಿದ್ದದ್ದು ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿದ್ದ ವಾಡೆ, ಅಲ್ಲಿ ಟೆಲಿಫೋನು ಇದ್ದದ್ದು ಮಾಲಕಿ ಜೋಶಿಕಾಕೂ ಮನೆಯಲ್ಲಿ ಮಾತ್ರ. ಟ್ರಂಕ್ ಕಾಲ್ ಎಂದರೆ ಕೂಗಿಯೇ ಮಾತನಾಡಬೇಕು. ಹಾಗಾಗಿ ನಮ್ಮ ಮನೆಯ ಸುದ್ದಿ ಮೊದಲು ವಾಡೆಗೆ, ಆಮೇಲೆ ನಮ್ಮ ಮನೆಗೆ ತಿಳಿಯುತ್ತಿತ್ತು.

"ಅಕ್ಕಾ, ಊರ ಮಂದಿ ಮಕ್ಕಳಿಗೆ ಔಷಧ ಬರದು ಕೊಟ್ಟಾಕಿ ನಾನು. ನನ್ನ ಮಗಾ ನನ್ನ ಮುಂದನ ನಿಂತು, ನನ್ನ ಮಾರಿ ನೋಡಿಕೋತ ಮಾಡ್ಕೋತಾನ. ನೀ ಬಾ."

"ನಾ ಬಂದು ಏನ್ ಮಾಡ್ಲೇ ನಿಮ್ಮೀ?"

"ನಿನ್ನ ಹುಡುಗ್ಯಾರಿಬ್ಬರೂ ವರ್ಷ ತುಂಬೂದ್ರಾಗ ಹೇಳ್ತಿದ್ರಲ್ಲ. ಅವರಿಗೆ ಹ್ಯಾಂಗ ಕಲಿಸಿದ್ದಿ, ಇವಂಗೂ ಹಂಗ ಕಲಿಸು."

ನಿಜ ಹೇಳಬೇಕೆಂದರೆ ನಾನು ಏನನ್ನೂ ಕಲಿಸಿರಲಿಲ್ಲ. ವಾಡೆಯ ನಡುವೆ ಕಲ್ಲು ಹಾಸಿದ ಅಂಗಳ, ಅದರ ಮೂಲೆಯಲ್ಲಿ ನಳ ಮತ್ತು ಮೋರಿ. ತೊಟ್ಟಿಲಿಗೆ ಹಾಕಿದ ದಿನದಿಂದಲೇ ಕೂಸನ್ನು ಯಾರಾದರೊಬ್ಬರು ಎತ್ತಿಕೊಂಡು ಆ ಮೋರಿಗೆ ಹೋಗುತ್ತಿದ್ದರು. ಮಣೆಯ ಮೇಲೆ ಕೂತು, ಕಾಲು ಚಾಚಿ, ಎರಡು ಪಾದಗಳ ಮೇಲೆ ಕೂಸನ್ನು ಕೂಡಿಸಿ, ತುಟಿ ಚೂಪು ಮಾಡಿ "ಸ್ಸ್ಸ್" ಎಂದರೆ ಆಯಿತು. ಪಾದವೇ ಪೀಠ, ಬಾಯಿಯೇ ನಳ. ನಮ್ಮ ಅತ್ತಿ, ಜೋಶಿಕಾಕೂ, ಅಟ್ಟದ ಮೇಲಿನ ಅಜ್ಜಿ, ಯಾರ ಪಾದ ಬಿಡುವಾಗಿದ್ದರೆ ಅವರು. ಉಳಿದ ಹೊತ್ತು ಕೂಸು ಬರಿಮೈಯಲ್ಲೇ ಹರಿದಾಡುತ್ತಿತ್ತು. ಲೆಕ್ಕ ತಪ್ಪಿದರೆ ಫರಸಿಕಲ್ಲಿನ ಮೇಲೆ ಒಂದು ತಂಬಿಗೆ ನೀರು, ಅಷ್ಟೆ. ಇದನ್ನು ವಿದ್ಯೆ ಎಂದು ಯಾರೂ ಕರೆದಿರಲಿಲ್ಲ. ಈಗ ಆ ವಿದ್ಯೆಯಲ್ಲಿ ಪರಿಣತಳೆಂದು ನನಗೆ ವಿದೇಶದಿಂದ ಕರೆ ಬಂದಿತ್ತು.

"ಕುಂಡಿ ತೊಳೀಲಿಕ್ಕೆ ವಿಮಾನದಾಗ ಹೋಗಾಕಿ ನಮ್ಮ ಮನೆತನದಾಗ ನೀನ ಮೊದಲನೇದಾಕಿ," ಎಂದರು ಅತ್ತಿ.

ಪಿಂಪರಿಯ ಕಾರಖಾನೆಯಲ್ಲಿ ತಮ್ಮ ಜೊತೆಯವರು ಕೇಳಿದಾಗ ನಮ್ಮವರು, "ಶಿಕ್ಷಣಕ್ಕ ಸಂಬಂಧಪಟ್ಟ ಕೆಲಸ ಅದರೀ," ಎಂದು ಹೇಳಿ ಬಂದರು. ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ ಅತ್ತಿಯೇ ಸಂಜೆ ಟ್ರಂಕು ತೆಗೆದು, ತಮ್ಮ ಹಳೆಯ ನೂಲಿನ ಇಳಕಲ್ ಸೀರೆಗಳನ್ನೂ ಮಾವನವರ ಧೋತರಗಳನ್ನೂ ಪರಪರನೆ ಹರಿದು ಲಂಗೋಟಿಯ ಗಂಟು ಕಟ್ಟಿದರು. "ಹೊಸಾ ಅರಿವಿ ಕೂಸಿನ ಮೈಗೆ ಚುಚ್ಚತದ ಅಂತ ಹೇಳು ಆ ಡಾಕ್ಟರಬಾಯಿಗೆ."

ಲೋಣಾವಳಾ

ಮುಂಬಯಿಗೆ ಹೋಗುವ ರೈಲು ಲೋಣಾವಳಾದಲ್ಲಿ ನಿಂತಾಗ ಆನಂದನಿಗೆಂದು ಚಿಕ್ಕಿ ತಗೊಂಡೆ. ಎದುರು ಸೀಟಿನಲ್ಲಿ ಮಗುವಿನೊಂದಿಗೆ ಕೂತಿದ್ದ ಹೆಂಗಸು ಗಾಡಿ ನಿಂತ ಕೂಡಲೇ ಎದ್ದು, ಪ್ಲಾಟ್‌ಫಾರ್ಮಿನ ಆಚೆಯ ಬಾಗಿಲು ತೆರೆದು, ಮಗುವನ್ನು ಎರಡೂ ತೊಡೆ ಹಿಡಿದು ಗಾಳಿಯಲ್ಲಿ ತೂಗಿಸಿ "ಸ್ಸ್ಸ್" ಎಂದಳು. ಡಬ್ಬಿಯ ಗಂಡಸರೆಲ್ಲ ಒಮ್ಮೆಲೇ ಘಟ್ಟದ ಸೌಂದರ್ಯ ನೋಡತೊಡಗಿದರು. ಗಾಡಿ ಹೊರಡುವುದರೊಳಗೆ ಕೆಲಸ ಮುಗಿದಿತ್ತು. ಬಂದು ಕೂತು ಸೆರಗಿನಿಂದ ಮಗುವನ್ನು ಒರೆಸುತ್ತ, ನಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳಿದಳು. ಇಂಗ್ಲಂಡಿಗೆ ಎಂದೆ.

"ಅಗಬಾಯಿ. ಕಶಾಲಾ?"

ಯಾತಕ್ಕೆ ಎಂಬ ಆ ಪ್ರಶ್ನೆಗೆ ಉತ್ತರ ಅವಳ ತೊಡೆಯ ಮೇಲೇ ಕೂತಿತ್ತು. ಆದರೂ ನಾನು ತಂಗಿಯ ಕಡೆಗೆ ಎಂದಷ್ಟೇ ಹೇಳಿದೆ. ನಾನೂ ನಿರ್ಮಲಾಳೂ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿ ಸೊಂಟದ ಕೆಳಗೆ ದೇಹವೇ ಇಲ್ಲವೆಂದು ನಂಬಿಕೆ. ಒಂದಕ್ಕೆ ಬಂದರೆ ಬಾಯಿ ಬಿಡುವಂತಿಲ್ಲ, ಎದ್ದು ನಿಂತು ಕಿರುಬೆರಳು ಎತ್ತಬೇಕು. ಮೇಜಿನ ಹಿಂದೆ ಕೂತ ಸನ್ಯಾಸಿನಿ, ನಮ್ಮ ಮದರ್, ಒಮ್ಮೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದೇ ಅಪ್ಪಣೆ. ಇಂಥ ಮರ್ಯಾದೆಯಲ್ಲಿ ಬೆಳೆದವಳು ನಾನು, ಗಂಟಿನ ತುಂಬ ಲಂಗೋಟಿ ಇಟ್ಟುಕೊಂಡು ಸಮುದ್ರ ದಾಟಲು ಹೊರಟಿದ್ದೆ.

ಲಂಡನ್ನಿನ ವಿಮಾನ ನಿಲ್ದಾಣ

ಸುಂಕದ ಅಧಿಕಾರಿ ಎಳೆಯ ಹುಡುಗ, ಕಿವಿ ಕೆಂಪಗಿತ್ತು. ನನ್ನ ಸೂಟ್‌ಕೇಸು ತೆರೆಸಿದ. ಮೇಲೆ ಎರಡು ಸೀರೆ, ಕೆಳಗೆಲ್ಲ ಹರಕು ಬಟ್ಟೆ. ಒಂದೊಂದನ್ನೇ ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ನೋಡಿದ. ಒಳಗೆ ಏನನ್ನಾದರೂ ಸುತ್ತಿ ತಂದಿರಬೇಕೆಂಬ ಅನುಮಾನ ಅವನಿಗೆ. ಏನೂ ಇಲ್ಲವೆಂದು ತಿಳಿದಾಗ ಅನುಮಾನ ಇನ್ನೂ ಹೆಚ್ಚಾಯಿತು.

"ಇವು ಏನು ಮೇಡಂ?"

"ಮಗುವಿನ ಬಟ್ಟೆ."

"ಹರಿದಿವೆಯಲ್ಲ?"

"ಹರಿದೇ ಇರಬೇಕು."

ಕಾನ್ವೆಂಟಿನ ಇಂಗ್ಲಿಷಿನಲ್ಲಿ ನಾನು ಇದಕ್ಕಿಂತ ಸ್ಪಷ್ಟವಾಗಿ ಹೇಳುವಂತಿರಲಿಲ್ಲ. ಅವನು ಹೋಗಿ ವಯಸ್ಸಾದ ಒಬ್ಬ ಹೆಂಗಸನ್ನು ಕರೆತಂದ. ಆಕೆ ಒಂದು ಧೋತರದ ತುಂಡನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ಅವನ ಕಿವಿಯಲ್ಲಿ ಏನೋ ಹೇಳಿದಳು. ಕಿವಿ ಇನ್ನೂ ಕೆಂಪಾಯಿತು. ಆಮೇಲೆ ಅವನು ಎಲ್ಲ ಲಂಗೋಟಿಗಳನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸಿಕೊಟ್ಟ. ಅತ್ತಿಯ ಸೀರೆಗೆ ಅಷ್ಟು ಚೆಂದದ ಮಡಿಕೆ ಅದು ಸೀರೆಯಾಗಿದ್ದಾಗಲೂ ಬಿದ್ದಿರಲಿಕ್ಕಿಲ್ಲ.

ಗಾಲಿಚಾದ ಮನೆ

ನಿರ್ಮಲಾಳ ಮನೆ ಹೊಕ್ಕ ಕೂಡಲೇ ನನ್ನ ವಿದ್ಯೆ ಕೈಕೊಟ್ಟಿತು. ಮನೆಯ ತುಂಬ ಗೋಡೆಯಿಂದ ಗೋಡೆಗೆ ಗಾಲಿಚಾ. ಮೆಟ್ಟಿಲಿಗೆ ಗಾಲಿಚಾ. ಸ್ನಾನದ ಮನೆಗೂ ಗಾಲಿಚಾ, ಕಮೋಡಿನ ಸುತ್ತ ಅದಕ್ಕೆ ಒಪ್ಪುವ ತಿಳಿ ನೀಲಿಯ ಇನ್ನೊಂದು ತುಂಡು. ಮುಚ್ಚಳಕ್ಕೂ ಒಂದು ಟೊಪ್ಪಿಗೆ. ಇಷ್ಟೊಂದು ನೀರು ಬೀಳುವ ದೇಶದವರು ನೀರು ಬೀಳುವ ಕೋಣೆಗೆ ಉಣ್ಣೆ ಹಾಸಿದ್ದು ಯಾವ ಧೈರ್ಯದ ಮೇಲೋ ತಿಳಿಯದು. ಒಂದು ತಂಬಿಗೆ ನೀರು ಸುರಿಯಲು ಆ ಮನೆಯಲ್ಲಿ ಜಾಗವಿರಲಿಲ್ಲ, ತಂಬಿಗೆಯೂ ಇರಲಿಲ್ಲ.

"ಅಕ್ಕಾ, ಗಾಲಿಚಾ ಮನಿ ಮಾಲಕರದು," ಎಂದಳು ನಿರ್ಮಲಾ, ನಾನು ಆನಂದನ ಡೈಪರಿನ ಪಿನ್ನಿಗೆ ಕೈ ಹಾಕಿದಾಗ.

ಆನಂದನ ಡೈಪರೆಂದರೆ ನಮ್ಮ ಟರ್ಕಿ ಟವೆಲ್ಲಿನಂಥ ದಪ್ಪ ಬಟ್ಟೆ, ಮೇಲೆ ಪ್ಲಾಸ್ಟಿಕ್ಕಿನ ಚಡ್ಡಿ. ಹೊರಗೆ ಹೋಗುವಾಗ ಕಟ್ಟಿ ಬಿಸಾಡುವ ಕಾಗದದ್ದು ಬೇರೆ. ಹುಡುಗ ಎಲ್ಲಿ ಹೋದರೂ ತನ್ನ ಗಾದಿ ತಾನೇ ಹೊತ್ತುಕೊಂಡು ಹೋದಂತೆ ಇತ್ತು. ಕೂತಲ್ಲಿ ಕೂತು, ಆಟ ನಿಲ್ಲಿಸದೆ, ಮುಖದ ಒಂದು ಗೆರೆಯೂ ಅಲುಗದಂತೆ ಅವನು ಎಲ್ಲ ಮುಗಿಸಿಬಿಡುತ್ತಿದ್ದ. ನಮ್ಮ ಕಡೆ ಕೂಸು ಒಂದು ಮಾಡಿದರೆ ಅದು ಕಾಲಿನಿಂದ ಇಳಿದು ಫರಸಿಯ ಮೇಲೆ ಹೊಳೆಯಾಗಿ ಹರಿಯುತ್ತದೆ. ಕೂಸು ಅದನ್ನು ಬೆರಗಿನಿಂದ ನೋಡುತ್ತದೆ, ಮನೆಮಂದಿಯೆಲ್ಲ ಕೂಗುತ್ತಾರೆ, ಸುದ್ದಿಯಾಗುತ್ತದೆ. ಇಲ್ಲಿ ಅದು ಆನಂದ ಮತ್ತು ಅವನ ಡೈಪರಿನ ನಡುವಿನ ಖಾಸಗಿ ವಿಷಯ.

ಸರಕಾರದ ಕಡೆಯಿಂದ ಮಕ್ಕಳನ್ನು ನೋಡಲು ಬರುವ ಒಬ್ಬ ನರ್ಸು ಮಧ್ಯಾಹ್ನ ಬಂದಳು. ಒಳ್ಳೆಯ ಹೆಂಗಸು. "ಅವಸರ ಮಾಡಬೇಡಿ. ಸಿದ್ಧನಾದಾಗ ಅವನೇ ಹೇಳುತ್ತಾನೆ," ಎಂದಳು.

ನಮ್ಮ ಮನೆಗಳಲ್ಲಿ ಮದುವೆಗೆ ಸಿದ್ಧಳಿದ್ದೀಯಾ ಎಂದು ಹುಡುಗಿಯನ್ನೂ ಕೇಳುವುದಿಲ್ಲ. ಇನ್ನು ಇದಕ್ಕೆ ಯಾರು ಕೇಳುತ್ತಾರೆ? ಆದರೂ ನಾನು ತಲೆಯಾಡಿಸಿದೆ. ಆಕೆ ಹೋದ ಮೇಲೆ ನಿರ್ಮಲಾ ಚಹದ ಕಪ್ಪು ಕೆಳಗಿಟ್ಟು, "ನಾನೂ ದವಾಖಾನ್ಯಾಗ ಎಲ್ಲಾರಿಗೂ ಇದನ್ನ ಹೇಳ್ತಿದ್ದೆ," ಎಂದಳು. ಆಮೇಲೆ, "ಸೆಪ್ಟೆಂಬರ್ ಅವ ಸಿದ್ಧ ಆಗೂತನಕ ನಿಂದ್ರಂಗಿಲ್ಲ ಅಕ್ಕಾ," ಎಂದಳು. ಅವಳ ಬಿಳಿ ಕೋಟು ಬಾಗಿಲ ಹಿಂದೆ ಇಸ್ತ್ರಿಯಾಗಿ ತೂಗುತ್ತಿತ್ತು. ನಾನು ಇದ್ದಷ್ಟು ದಿನ ಅದು ಹಾಗೇ ತೂಗಿತು.

ರವಿವಾರ

ಮೊದಲ ರವಿವಾರ ಬಿಸಿಲು ಬಿತ್ತು. ಆ ದೇಶದಲ್ಲಿ ಬಿಸಿಲು ಬಿದ್ದರೆ ವ್ಯರ್ಥ ಮಾಡಬಾರದೆಂದು ನಾನು ಲಂಗೋಟಿಗಳನ್ನೆಲ್ಲ ಒಗೆದು ಹಿತ್ತಲಿನ ಹಗ್ಗಕ್ಕೆ ಹರವಿದೆ. ಹಿತ್ತಲ ಬಾಗಿಲು ತೆರೆದಾಗಲೇ ನನಗೆ ಗೊತ್ತಾದದ್ದು, ಇಂಗ್ಲಂಡಿಗೂ ಒಂದು ಪುಣೆ ಇದೆ ಎಂದು. ಮನೆಯ ಹಿಂದೆ ಕಲ್ಲು ಹಾಸಿದ ಸಣ್ಣ ಅಂಗಳ. ಮೂಲೆಯಲ್ಲಿ ನಳ. ಅದರ ಕೆಳಗೆ ಕಬ್ಬಿಣದ ಜಾಳಿಗೆ ಇಟ್ಟ ಮೋರಿ. ಈಗ ಹಳೆಯ ಸಾಮಾನು ತುಂಬಿದ್ದ ಒಂದು ಪಾಯಖಾನೆಯೂ ಇತ್ತು. ಕಣ್ಣಲ್ಲಿ ನೀರು ಬಂತು ಎಂದರೆ ನಗಬಾರದು.

ಪಕ್ಕದ ಮನೆಯ ಮಿಸೆಸ್ ಹಾರ್ಪರ್ ಗೋಡೆಯ ಮೇಲಿಂದ ಇಣುಕಿ ಹಗ್ಗದ ಮೇಲಿನ ಕೆಂಪು, ಹಸಿರು, ಗೀರು ಗೀರಿನ ತುಂಡುಗಳನ್ನು ನೋಡಿದರು. "ಇವತ್ತು ನಿಮ್ಮ ಹಬ್ಬವೇ?" ಎಂದು ಕೇಳಿದರು.

ಅಲ್ಲ, ಒಗೆದ ಬಟ್ಟೆ ಎಂದೆ. ಆಕೆಯ ಮುಖದ ನಗೆ ಮಾಸಿತು. ಆ ಬೀದಿಯಲ್ಲಿ ರವಿವಾರ ಬಟ್ಟೆ ಒಣಹಾಕುವುದು ದೇವರಿಗೆ ಅಪಚಾರವೆಂದು ನಿರ್ಮಲಾ ಆಮೇಲೆ ಹೇಳಿದಳು. ನನಗೆ ಖುಷಿಯಾಯಿತು. ಏಕಾದಶಿಗೆ ಇದನ್ನು ಮಾಡಬಾರದು, ಅಮಾವಾಸ್ಯೆಗೆ ಅದನ್ನು ಮಾಡಬಾರದು ಎನ್ನುವ ಅತ್ತಿಗೆ ಈ ಊರು ಹಿಡಿಸುತ್ತಿತ್ತು.

ಸೋಮವಾರ ನಾನು ಮೋರಿಯ ಹತ್ತಿರ ಹಳೆಯ ಮರದ ಪೆಟ್ಟಿಗೆ ಬೋರಲು ಹಾಕಿ ಕೂತು, ಕಾಲು ಚಾಚಿ, ಆನಂದನ ಡೈಪರು ಬಿಚ್ಚಿ ಪಾದದ ಮೇಲೆ ಕೂಡಿಸಿಕೊಂಡೆ. ಎರಡೂವರೆ ವರ್ಷದ, ಬೆಣ್ಣೆ ತಿಂದ ಹುಡುಗ. ಸ್ವಲ್ಪ ಹೊತ್ತಿಗೇ ನನ್ನ ಕಾಲು ಜೋಮು ಹಿಡಿದವು. ಅವನು ಮಾತ್ರ ಸಿಂಹಾಸನ ಸಿಕ್ಕಂತೆ ಕೂತು ಚಿಕ್ಕಿ ಕಡಿಯುತ್ತಿದ್ದ. ನಾನು "ಸ್ಸ್ಸ್" ಎಂದೆ. ಅವನೂ "ಸ್ಸ್ಸ್" ಎಂದ. ಅದೊಂದು ಆಟವೆಂದು ತಿಳಿದಿದ್ದ. ಎಷ್ಟೋ ಹೊತ್ತಿನ ಮೇಲೆ ನಿಜವಾದ ಸದ್ದು ಬಂತು, ಕಲ್ಲಿನ ಮೇಲೆ ಒಂದು ಹೊಳೆ ಹರಿದು ಮೋರಿಗೆ ಹೋಯಿತು. ಅವನು ಬಾಯಿ ತೆರೆದು ಅದನ್ನೇ ನೋಡಿದ. ತನ್ನಿಂದ ಇಂಥದ್ದೊಂದು ಆಗುತ್ತದೆಂದು ಅವನಿಗೆ ಅಂದೇ ತಿಳಿದದ್ದು.

"ಮೌಶೀ, ನೀರು," ಎಂದು ದೊಡ್ಡಮ್ಮನಾದ ನನ್ನನ್ನು ಕರೆದ.

ಗೋಡೆಯ ಮೇಲೆ ಮಿಸೆಸ್ ಹಾರ್ಪರ್ ಅವರ ತಲೆ ಮತ್ತೆ ಕಾಣಿಸಿತು. ನನ್ನ ಸೀರೆ ಮೊಣಕಾಲ ತನಕ ಏರಿತ್ತು. ನಾಚಿಕೆಯಿಂದ ಸಾಯುವುದೊಂದೇ ಉಳಿದಿತ್ತು. ಆದರೆ ಆಕೆ ಬೇರೇನೋ ನೆನಪಿಸಿಕೊಳ್ಳುತ್ತಿದ್ದರು. "ನಮ್ಮ ಅಜ್ಜಿಯೂ ಹೀಗೇ. ನಮಗೆ ಕೂರಲು ಬರುವ ಮೊದಲೇ ಪಾತ್ರೆಯ ಮೇಲೆ ಹಿಡಿದು ಸಿಳ್ಳೆ ಹಾಕುತ್ತಿದ್ದಳಂತೆ. ಅಮ್ಮನಿಗೆ ಅದು ಕೊಳಕು ಎನಿಸಿತು, ಬಿಟ್ಟಳು," ಎಂದರು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿಂದ ನನ್ನ ಪಾದಗಳಿಗಾಗಿ ಒಂದು ದಿಂಬು ಬಂತು.

ಆಮೇಲಿನ ದಿನಗಳಲ್ಲಿ ಮಳೆಯೂ ಇತ್ತು. ಶ್ರೀಧರ ಕೊಡೆ ಹಿಡಿದು ನಿಲ್ಲುತ್ತಿದ್ದ. ದೊಡ್ಡ ಸರ್ಜನ್ನು, ನನ್ನ ಮೇಲಿನ ಗೌರವದಿಂದ ಬೆನ್ನು ತಿರುಗಿಸಿ, ಗೋಡೆ ನೋಡುತ್ತ, ತಾನೂ ಸಣ್ಣಗೆ "ಸ್ಸ್ಸ್" ಎನ್ನುತ್ತಿದ್ದ. ನಿರ್ಮಲಾ ಮಾತ್ರ ಬಾಯಿ ಬಿಡಲಿಲ್ಲ. "ನನಗ ಆಗಂಗಿಲ್ಲ ಅಕ್ಕಾ. ಹತ್ತು ಮಂದಿ ತಾಯಂದಿರಿಗೆ ಬುದ್ಧಿ ಹೇಳಾಕಿ, ಹಾವಿನ್ಹಂಗ ಬುಸುಗುಟ್ಲ್ಯಾ?"

ಪಾದದಿಂದ ಪ್ಲಾಸ್ಟಿಕ್ಕಿನ ಪುಟ್ಟ ಕಮೋಡಿಗೆ, ಅಂಗಳದಿಂದ ಅಡಿಗೆಮನೆಗೆ, ಅಲ್ಲಿಂದ ನೀಲಿ ಗಾಲಿಚಾದ ಕೋಣೆಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆನಂದ ಬಡ್ತಿ ಪಡೆದ. ಡೈಪರು ಹೋಗಿ ಅತ್ತಿಯ ಇಳಕಲ್ ಲಂಗೋಟಿ ಬಂತು, ಅದರಲ್ಲಿ ಹನಿ ಬಿದ್ದರೂ ತೊಡೆಗೆ ತಿಳಿಯುತ್ತದೆ. ಕೊನೆಗೆ ಅದೂ ಹೋಗಿ ಚಡ್ಡಿ ಬಂತು. ನಾನು ಒಳಗೊಳಗೇ ಬೀಗಿದೆ. ಬೀಗಿದ ಮಧ್ಯಾಹ್ನವೇ ನಿರ್ಮಲಾ ಬೇಳೆಗೆ ಕುಕ್ಕರ್ ಇಟ್ಟಳು. ಸೀಟಿ ಬರುವ ಮೊದಲು ಅದು ಉದ್ದಕ್ಕೆ "ಸ್ಸ್ಸ್" ಎಂದಿತು. ಊಟದ ಕುರ್ಚಿಯ ಮೇಲೆ ಕೂತಿದ್ದ ಆನಂದ ವಿಧೇಯನಾಗಿ ಕುಕ್ಕರಿನ ಅಪ್ಪಣೆ ಪಾಲಿಸಿದ.

ಆಗ ನನಗೆ ನನ್ನ ತಪ್ಪು ಹೊಳೆಯಿತು. ಕುಕ್ಕರಿನ ಮಾತು ಕೇಳಿದ್ದು ದೊಡ್ಡದಲ್ಲ. ಸದ್ದು ಬರದಿದ್ದರೆ ಹುಡುಗ ಎಷ್ಟು ಹೊತ್ತಾದರೂ ಸುಮ್ಮನೆ ನಿಲ್ಲುತ್ತಿದ್ದ. ನರ್ಸರಿಯಲ್ಲಿ ಅವನಿಗೆ ಯಾರು ಸದ್ದು ಮಾಡಬೇಕು?

ನರ್ಸರಿ

ನರ್ಸರಿ ಇದ್ದದ್ದು ಹಳೆಯ ಚರ್ಚಿನ ಪಕ್ಕದ ಹಾಲಿನಲ್ಲಿ. ಒಂದು ಬೆಳಗಿನ ಪರೀಕ್ಷೆ. ಮಧ್ಯಾಹ್ನದ ತನಕ ಚಡ್ಡಿ ಒಣಗಿದ್ದರೆ ಪ್ರವೇಶ. ಇಲ್ಲವಾದರೆ ಕ್ರಿಸ್‌ಮಸ್ ಆದ ಮೇಲೆ ನೋಡೋಣ ಎಂದಿದ್ದರು. ಕ್ರಿಸ್‌ಮಸ್ಸಿಗೆ ನಿರ್ಮಲಾಳ ಜಾಗ ಇರುವುದಿಲ್ಲ.

ಹೋಗಲು ಅಪ್ಪಣೆ ಕೇಳುವ ಕ್ರಮ ಮಾತ್ರ ನಾವು ಚೆನ್ನಾಗಿ ಕಲಿಸಿದ್ದೆವು. ಮನೆಯಲ್ಲಿ ಕೂಗಿದಂತೆ ಸಾಲೆಯಲ್ಲಿ ಕೂಗಬಾರದೆಂದು, ಕಿರುಬೆರಳು ಎತ್ತುವುದನ್ನು ನಾನೇ ಹೇಳಿಕೊಟ್ಟೆ. "ಹೌದಲ್ಲ, ಅದು ಮರತಽ ಹೋಗಿತ್ತು ನನಗ," ಎಂದು ನಿರ್ಮಲಾಳೂ ಒಪ್ಪಿದ್ದಳು. ನಮಗೆ ಇಂಗ್ಲಿಷ್ ಕಲಿಸಿದ ಮದರ್ ಇಂಗ್ಲಂಡಿನಿಂದ ಬಂದವರು. ಇಂಗ್ಲಿಷಿನ ಜೊತೆಗೆ ಅವರು ಕಲಿಸಿದ ಬೆರಳೂ ಇಂಗ್ಲಂಡಿನದೇ ಎಂಬುದರಲ್ಲಿ ನಮ್ಮಿಬ್ಬರಿಗೂ ಲವಲೇಶ ಸಂಶಯವಿರಲಿಲ್ಲ.

"ನನಗ ನೋಡಲಿಕ್ಕಾಗಂಗಿಲ್ಲ. ನೀನ ಹೋಗು," ಎಂದು ನಿರ್ಮಲಾ ಕಾರಿನಲ್ಲೇ ಉಳಿದಳು. ನಾನು ಪಡಸಾಲೆಯ ಬೆಂಚಿನ ಮೇಲೆ, ಬೇರೆ ತಾಯಂದಿರ ಜೊತೆ ಕೂತೆ. ಬಾಗಿಲಿಗೆ ಗಾಜಿನ ಕಿಂಡಿ ಇತ್ತು.

ಬೆಳಗಿನ ಅರ್ಧ ಕಳೆದಿರಬೇಕು. ಆನಂದ ಮಣ್ಣಿನ ಆಟ ಬಿಟ್ಟು ಎದ್ದು, ನೆಟ್ಟಗೆ ನಿಂತು, ಟೀಚರ್ ಮಿಸ್ ಡಾಸನ್ ಎದುರು ಕಿರುಬೆರಳು ಎತ್ತಿದ. ಬೆಳಗಾವಿಯ ಮದರ್ ನೋಡಿದ್ದರೆ ಮೆಚ್ಚುವಂತೆ. ಮಿಸ್ ಡಾಸನ್ ಬಗ್ಗಿ, ಬೆರಳನ್ನು ಎರಡೂ ಕಡೆ ತಿರುಗಿಸಿ ನೋಡಿ, ಮರುಕದಿಂದ ಏನೋ ಹೇಳಿ, ಔಷಧದ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಅದಕ್ಕೆ ಅಂಟಿಸಿದಳು.

ಆನಂದ ಪಟ್ಟಿಯನ್ನು ನೋಡಿದ. ಇದು ಅಪ್ಪಣೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಪಟ್ಟಿ ಸಮೇತ ಮತ್ತೆ ಬೆರಳು ಎತ್ತಿದ. ಆಕೆ ಅದಕ್ಕೆ ಒಂದು ಮುತ್ತು ಕೊಟ್ಟು ಹೋದಳು. ಕಿಂಡಿಯ ಈಚೆ ನಾನು ಕಿರುಬೆರಳು ಎತ್ತಿ, ಮೂಲೆಯ ಕೋಣೆ ತೋರಿಸಿ, ಮತ್ತೆ ಬೆರಳು ಎತ್ತಿದೆ. ಪಕ್ಕದಲ್ಲಿದ್ದ ತಾಯಿ ಅದು ನಮ್ಮ ಕಡೆಯ ನಮಸ್ಕಾರವೆಂದು ತಿಳಿದು, ನಕ್ಕು, ತಾನೂ ಬೆರಳು ಎತ್ತಿದಳು.

ಕೊನೆಗೆ ಅವನು ತಾನೇ ಮೂಲೆಗೆ ಹೋದ. ಅಲ್ಲಿ ಬಾಗಿಲಿಲ್ಲದ ಸಣ್ಣ ಕೋಣೆ, ಸಾಲಾಗಿ ಗೊಂಬೆಮನೆಯಂಥ ಕಮೋಡುಗಳು. ಚಡ್ಡಿ ಇಳಿಸಿ ನಿಂತ. ನಿಂತೇ ಇದ್ದ. ಕಾಲು ತಿರುಚಿದ. ಅವನ ಹಿಂದೆ ಮಕ್ಕಳ ಸಾಲು ಬೆಳೆಯಿತು. ನಾನು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟೆ, ಬಾಗಿಲು ಬೆರಳಗಲ ತೆರೆದು ಒಳಗಿನ ಸದ್ದು ಕೇಳಿಸಿತು. ಒಳಗೆ ಬರಬಾರದೆಂದು ಬರೆದಿತ್ತು. ಕಾನ್ವೆಂಟಿನಲ್ಲಿ ಓದಿದ ಕೈ, ಬರೆದದ್ದನ್ನು ಓದಿ ಹಿಂದೆ ಬಂತು.

ಆನಂದ ಹಿಂದೆ ತಿರುಗಿ, ಸಾಲಿನಲ್ಲಿದ್ದವರಿಗೆ ನನ್ನದೇ ಕನ್ನಡದಲ್ಲಿ ಹೇಳಿದ: "ಸ್ಸ್ಸ್ ಅನ್ರೀ."

ಯಾರಿಗೂ ತಿಳಿಯಲಿಲ್ಲ. ಅವನು ತಾನೇ ತುಟಿ ಚೂಪು ಮಾಡಿ ತೋರಿಸಿದ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದ್ದ ಒಬ್ಬ ಕೆಂಚುಗೂದಲ ಹುಡುಗಿ "ಸ್ಸ್ಸ್" ಎಂದಳು. ಹಲ್ಲಿನ ಸಂದಿಯಿಂದ ಅದು ನಮ್ಮ ವಾಡೆಯ ಯಾವ ಅಜ್ಜಿಗೂ ಸಾಧ್ಯವಾಗದಷ್ಟು ಚೆನ್ನಾಗಿ ಬಂತು. ಅವಳ ಹಿಂದಿನವನೂ ಎಂದ. ಆಮೇಲೆ ಇಡೀ ಸಾಲು. ಆನಂದನ ಹೆಗಲು ಸಡಿಲವಾದದ್ದು ನನಗೆ ಕಿಂಡಿಯಿಂದಲೇ ಕಂಡಿತು.

ಮಧ್ಯಾಹ್ನ ಮಿಸ್ ಡಾಸನ್ ಅವನ ಕೈ ಹಿಡಿದು ಹೊರಗೆ ಬಂದಳು. ಕೂದಲು ಕೆದರಿತ್ತು. "ಬೆರಳಿಗೆ ಏನಾಗಿದೆಯೋ ಮನೆಯಲ್ಲಿ ಸರಿಯಾಗಿ ನೋಡಿ," ಎಂದಳು. "ಚಡ್ಡಿ ಒಣಗಿದೆ. ಸೋಮವಾರದಿಂದ ಬರಲಿ. ಆದರೆ ಇವತ್ತು ಎಲ್ಲ ಮಕ್ಕಳೂ ಒಟ್ಟಿಗೇ ಹೋದರು. ಈಗ ಆ ಸದ್ದು ಇಲ್ಲದೆ ಒಬ್ಬರೂ ಹೋಗಲು ಒಪ್ಪುತ್ತಿಲ್ಲ."

ರಸ್ತೆಯ ಆಚೆ ಕಾರು. ನಿರ್ಮಲಾ ಗಾಜು ಇಳಿಸಿದಳು. ನನ್ನ ಮುಖವನ್ನೇ ನೋಡಿದಳು. ನಾನು ಕಿರುಬೆರಳು ಎತ್ತಿದೆ. ಪಕ್ಕದಲ್ಲಿ ಆನಂದನೂ ತನ್ನ ಪಟ್ಟಿ ಕಟ್ಟಿದ ಬೆರಳು ಎತ್ತಿದ. ನಿರ್ಮಲಾ ನಮ್ಮಿಬ್ಬರನ್ನೂ ನೋಡಿ, ಥೇಟ್ ಮದರ್ ಹಾಗೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆದಳು. ತೆರೆದಾಗ ಕಣ್ಣು ತುಂಬಿದ್ದವು.

ನಾನು ಬೆರಳು ಇಳಿಸಿದೆ. ಆನಂದ ಇಳಿಸಲಿಲ್ಲ. ಅವನಿಗೆ ನಿಜವಾಗಿಯೂ ಬಂದಿತ್ತು.

ಹಿಂದೆ ನರ್ಸರಿಯ ಬಾಗಿಲು ಹಾಕಿಯಾಗಿತ್ತು. ಮನೆ ಊರಿನ ಆ ತುದಿಗೆ. ಎದುರು ಕಿಟಕಿಯೊಂದರ ಪರದೆ ಸ್ವಲ್ಪ ಸರಿಯಿತು. ಡಾಕ್ಟರ್ ನಿರ್ಮಲಾ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ಕಾರಿನಿಂದಿಳಿದು ಬಾಗಿಲನ್ನು ಮರೆಗೆಂದು ಅಗಲಕ್ಕೆ ತೆರೆದು, ರಸ್ತೆಯಂಚಿನ ಮೋರಿಯ ಎದುರು ಮಗನನ್ನು ನಿಲ್ಲಿಸಿ, ಸೀರೆಯ ನಿರಿಗೆ ಎತ್ತಿ ಹಿಡಿದು ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ತುಟಿ ಚೂಪು ಮಾಡಿದಳು.